ಟ್ರೆಡ್‌ಮಿಲ್‌ಗೆ ಕರೆಂಟ್ ಎಷ್ಟು ಬೇಕು: ಅಳೆದು ನೋಡಿದ ಲೆಕ್ಕ

ಬೆಂಗಳೂರಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಮೋಟಾರ್ ಚಾಲಿತ ಟ್ರೆಡ್‌ಮಿಲ್ ಒಂದನ್ನು ಬಳಸುತ್ತಿದ್ದೇವೆ. ನಡಿಗೆಗೆ ಅದು ಒಳ್ಳೆಯ ಯಂತ್ರ. ಸದ್ದು ಕಡಿಮೆ, ಬೆಲ್ಟ್ ಇನ್ನೂ ಗಟ್ಟಿಯಾಗಿದೆ. ಆದರೆ ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು ಕರೆಂಟ್ ಬಿಲ್ಲಿನ ಬಗ್ಗೆ. ಅದಕ್ಕೆ ಅಂಗಡಿಗಳಲ್ಲಿ ಸಿಗುವ ಉತ್ತರ ಬಹುಪಾಲು ಊಹೆಯದು, ಆದ್ದರಿಂದ ಈ ವಿಮರ್ಶೆಯನ್ನು ಅದೊಂದಕ್ಕೇ ಮೀಸಲಿಡುತ್ತೇನೆ.

ಯಂತ್ರದ ಮೇಲೆ 3 ಎಚ್‌ಪಿ ಎಂದು ಬರೆದಿದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಆ ಲೆಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆದರೆ ತಿಂಗಳಿಗೆ ಸುಮಾರು 34 ಯೂನಿಟ್ ಆಗಬೇಕು. ಆದರೆ ಅದು ಮೋಟಾರಿನ ಗರಿಷ್ಠ ಸಾಮರ್ಥ್ಯವೇ ಹೊರತು ಅದು ಸದಾ ಎಳೆಯುವ ವಿದ್ಯುತ್ತಲ್ಲ. ಸಾಕೆಟ್‌ಗೂ ಪ್ಲಗ್‌ಗೂ ನಡುವೆ 16 ಆಂಪಿಯರ್‌ನ ಪ್ಲಗ್ ಮೀಟರ್ ಜೋಡಿಸಿ ನೋಡಿದರೆ, ಗಂಟೆಗೆ 5 ಕಿಲೋಮೀಟರ್ ವೇಗದ ನಡಿಗೆಗೆ ಸರಾಸರಿ 450 ವ್ಯಾಟ್ ಆಸುಪಾಸಿನಲ್ಲಿದೆ. ಓಡಿದರೆ, ಅಥವಾ ಹೆಚ್ಚು ತೂಕದವರು ಹತ್ತಿದರೆ, ಏರುತ್ತದೆ. ಬೆಲ್ಟಿನ ಮುಂಭಾಗವನ್ನು ಎತ್ತರಿಸಿದಾಗ ಮಾತ್ರ ಮೋಟಾರಿನ ಹೊರೆ ತಗ್ಗುತ್ತದೆ. ಏಕೆಂದರೆ ನಡೆಯುವವರ ತೂಕವೇ ಬೆಲ್ಟನ್ನು ಹಿಂದಕ್ಕೆ ತಳ್ಳಲು ನೆರವಾಗುತ್ತದೆ. ದಣಿವು ಹೆಚ್ಚಿ ವಿದ್ಯುತ್ ಕಡಿಮೆಯಾಗುವ ಈ ಸಂಗತಿ ನನಗೆ ಬಹಳ ಇಷ್ಟವಾಯಿತು.

ಹೀಗೆ ಅರ್ಧ ಗಂಟೆಗೆ 0.225 ಯೂನಿಟ್, ತಿಂಗಳಿಗೆ 6.75 ಯೂನಿಟ್. 2025–26ರ ಗೃಹಬಳಕೆಯ ದರವಾದ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗಾಗಿ ಪಡೆಯುವ 36 ಪೈಸೆಯ ಸರ್‌ಚಾರ್ಜ್, ಶೇ 9ರ ವಿದ್ಯುತ್ ತೆರಿಗೆ ಎಲ್ಲ ಸೇರಿಸಿದರೂ 45 ರೂಪಾಯಿಯಷ್ಟೇ. 2000 ವ್ಯಾಟ್‌ನ ಗೀಸರ್ ಕಾಲು ಗಂಟೆಯಲ್ಲಿ ಅರ್ಧ ಯೂನಿಟ್ ಬಳಸುತ್ತದೆ, ಅಂದರೆ ವ್ಯಾಯಾಮದ ನಂತರದ ಬಿಸಿನೀರಿನ ಸ್ನಾನವೇ ವ್ಯಾಯಾಮಕ್ಕಿಂತ ದುಬಾರಿ.

ನಿಜವಾಗಿ ಗಮನಿಸಬೇಕಾದುದು ಯಂತ್ರ ಸುಮ್ಮನಿರುವ ಹೊತ್ತು. ಗೋಡೆಯ ಸ್ವಿಚ್ ಆರಿಸದಿದ್ದರೆ ಡಿಸ್‌ಪ್ಲೇ ಮತ್ತು ನಿಯಂತ್ರಣ ಬೋರ್ಡ್ ನಮ್ಮಲ್ಲಿ 4 ವ್ಯಾಟ್ ಎಳೆಯುತ್ತಲೇ ಇರುತ್ತವೆ. ತಿಂಗಳಿಗೆ ಅದು ಸುಮಾರು 2.9 ಯೂನಿಟ್, ಅಂದರೆ ನಡಿಗೆಗೆ ತಗಲುವುದರ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಬೆಲ್ಟಿನಡಿಯ ಸಿಲಿಕೋನ್ ಎಣ್ಣೆ ಒಣಗಿದರೂ ಘರ್ಷಣೆ ಹೆಚ್ಚಿ ಮೀಟರಿನ ಅಂಕಿ ಮೇಲೇರುತ್ತದೆ. ಎಣ್ಣೆ ಹಾಕುವ ಸಮಯವನ್ನು ಈಗ ನಾನು ಆ ಅಂಕಿಯಿಂದಲೇ ತಿಳಿಯುತ್ತೇನೆ.

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿರುವವರಿಗೆ ಈ ಲೆಕ್ಕ ಬೇರೆ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾದ ಅರ್ಹ ಮಿತಿಯೊಳಗೆ ಉಳಿದರೆ ಟ್ರೆಡ್‌ಮಿಲ್‌ನ ಖರ್ಚು ಶೂನ್ಯ. ಮಿತಿ ದಾಟಿದರೂ ಬಳಕೆ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ. ಆದರೆ 195 ಯೂನಿಟ್ ಬಳಸುತ್ತಿದ್ದ ಮನೆ ಈ ಏಳು ಯೂನಿಟ್‌ಗಳಿಂದ 200 ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕಾಗುತ್ತದೆ. ಅಂಥವರು ಯಂತ್ರ ಕೊಳ್ಳುವ ಮುನ್ನ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು, ಅದರಲ್ಲೂ ಬೇಸಿಗೆಯ ತಿಂಗಳುಗಳದನ್ನು, ತೆಗೆದು ನೋಡಲಿ. 200ರ ಅಂಚಿನಲ್ಲೇ ಇದ್ದರೆ ಗೋಡೆಯ ವಿದ್ಯುತ್ ಬೇಡದ ಮ್ಯಾಗ್ನೆಟಿಕ್ ವ್ಯಾಯಾಮ ಸೈಕಲ್ಲನ್ನು (ಅಯಸ್ಕಾಂತದಿಂದ ಪೆಡಲ್ ಬಿಗಿಯಾಗುವಂಥದು) ಪರಿಗಣಿಸುವುದು ಒಳಿತು.