ಕಡಲ ಬದಿಯ ಮನೆಗೆ ಸ್ಟೀಲ್ ಚಿಲಕ: ಒಂದು ಮಳೆಗಾಲದ ಬಳಿಕ

ಮಂಗಳೂರಿನಲ್ಲಿ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ ಕಬ್ಬಿಣದ ಚಿಲಕಗಳು ಉಪ್ಪುಗಾಳಿಗೆ ತುಕ್ಕು ಹಿಡಿದು, ಸುತ್ತಿಗೆಯಿಂದ ತಟ್ಟದೆ ಸರಿಯದ ಸ್ಥಿತಿಗೆ ಬಂದಿದ್ದರಿಂದ, ಕಳೆದ ಬೇಸಿಗೆಯಲ್ಲಿ ಐದು ಬಾಗಿಲುಗಳ ಚಿಲಕ ಹಾಗೂ ಹಿಡಿಕೆಗಳನ್ನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದೆವು. ಚಿಲಕಗಳ ಬಗ್ಗೆ ನನಗೆ ದೂರಿಲ್ಲ. 8 ಇಂಚಿನ ಸರಳು ಈಗಲೂ ಒಂದೇ ಬೆರಳಿಗೆ ಸರಿಯುತ್ತದೆ. ಪಡುವಣ ಬಾಗಿಲಿನಲ್ಲಿ ಮಾತ್ರ ನಸುಗಂದು ಚುಕ್ಕೆಗಳು ಮೂಡಿದ್ದವು, ಒದ್ದೆ ಬಟ್ಟೆಯಿಂದ ಉಜ್ಜಿದಾಗ ಹೋದವು. ಮಾಲಿಬ್ಡಿನಮ್ ಎಂಬ ಲೋಹ ಬೆರೆತ 316 ದರ್ಜೆಯ ಸ್ಟೀಲು ಉಪ್ಪನ್ನು ಇನ್ನಷ್ಟು ಚೆನ್ನಾಗಿ ತಡೆಯುವುದರಿಂದ, ಬೆಲೆ ಹೆಚ್ಚಾದರೂ ಆ ಒಂದು ಬಾಗಿಲಿಗೆ ಅದನ್ನೇ ಕೊಳ್ಳಬೇಕಿತ್ತು.

ಬೇಸರ ತಂದದ್ದು ಸ್ಕ್ರೂಗಳು. ಪೊಟ್ಟಣದೊಳಗೆ ಕೊಟ್ಟಿದ್ದವು ಮೆರುಗು ಹಾಕಿದ ಮಾಮೂಲಿ ಕಬ್ಬಿಣದವು. ಎರಡೇ ತಿಂಗಳಲ್ಲಿ ಅವುಗಳ ತಲೆ ಕೆಂಪಾಗಿ, ಬಿಳಿ ಬಣ್ಣದ ಬಾಗಿಲ ಮೇಲೆ ತುಕ್ಕುನೀರು ಗೆರೆಯಾಗಿ ಇಳಿಯಿತು. ಚಿಲಕಕ್ಕೆ ಇಷ್ಟು ಬೆಲೆ ಕೊಟ್ಟವರಿಗೆ ಸ್ಕ್ರೂಗಳಲ್ಲಿ ಜಿಪುಣತನ ತೋರಿಸುವುದು ನ್ಯಾಯವಲ್ಲ. ಕೊನೆಗೆ ಸ್ಟೀಲಿನ ಸ್ಕ್ರೂಗಳನ್ನು ಬೇರೆಯಾಗಿ ತಂದೆವು. ಆಚಾರಿಯವರು ಸಡಿಲವಾಗಿದ್ದ ಹಳೆಯ ತೂತುಗಳಿಗೆ ಅಂಟು ಸವರಿದ ಮರದ ಬೆಣೆಗಳನ್ನು ಬಡಿದು, ಮರುದಿನ ಹೊಸದಾಗಿ ಕೊರೆದರು.

ಹಿಡಿಕೆಗಳು ಗಟ್ಟಿಯಾಗಿವೆ. ಆದರೆ ಹಿಡಿಕೆಯ ನಡುವಿನಿಂದ ಕೀಲಿತೂತಿನ ನಡುವಿಗಿರುವ ಅಂತರವನ್ನು ಅಳೆಯದೆ ಹೋದದ್ದರಿಂದ ಒಂದು ಜೋಡಿಯನ್ನು ಹಿಂದಿರುಗಿಸಬೇಕಾಯಿತು. ಅದು ನನ್ನದೇ ತಪ್ಪು, ಅಂಗಡಿಯವರು ಗೊಣಗದೆ ಬದಲಾಯಿಸಿಕೊಟ್ಟರು.