ತೊಗರಿಗೆ ಡ್ರೋನ್‌ನಿಂದ ಎಣ್ಣಿ: ಕಲಬುರಗಿಯ ಬಾಡಿಗೆ ಸೇವೆ ಹೇಗಿದೆ?

ತೊಗರಿ ಆಳೆತ್ತರ ಬೆಳೆದು ಹೂವಿಗೆ ಬಂದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ಹೋಗುವ ಆಳು ಸಿಗುವುದು ಕಷ್ಟ. ಸಿಕ್ಕರೂ ಎಣ್ಣಿ, ಅಂದರೆ ಕೀಟನಾಶಕ, ಅರ್ಧ ಗಿಡಕ್ಕೆ, ಅರ್ಧ ಹೊಡೆಯುವವನ ಮುಖಕ್ಕೆ. ಮಳೆ ಬಿದ್ದರಂತೂ ಎರೆ ಹೊಲದಲ್ಲಿ ಕಾಲೂರುವಂತಿಲ್ಲ, ಅಷ್ಟರಲ್ಲಿ ಕಾಯಿಕೊರಕ ತನ್ನ ಕೆಲಸ ಮುಗಿಸಿರುತ್ತದೆ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯವರು ಬಾಡಿಗೆ ಡ್ರೋನ್ ಕರೆಸಲು ಇಷ್ಟು ಕಾರಣ ಸಾಕು. ಈ ಕೆಲಸಕ್ಕೆ ಸೇವೆ ಒಳ್ಳೆಯದೇ. ಆದರೆ ಫಲ ನಿಂತಿರುವುದು ಹನಿ ಬಿಡುವ ನಾಝಲ್ ಮತ್ತು ದಾರಿ ತೋರುವ ಉಪಗ್ರಹ ರಿಸೀವರ್ ಮೇಲೆ. ಈ ಎರಡರ ಹಿಂದೆಯೂ ರಾಜತಾಂತ್ರಿಕರು ವಿಜ್ಞಾನಿಗಳನ್ನು ಜೊತೆಗೆ ಕೂರಿಸಿಕೊಂಡು ಮಾಡಿದ ಒಪ್ಪಂದಗಳಿವೆ.

ಮೊದಲು ಅಳತೆ. ಸಾಮಾನ್ಯವಾಗಿ ಬರುವುದು 10 ಲೀಟರ್ ಟ್ಯಾಂಕಿನ ಯಂತ್ರ. ಒಂದು ಟ್ಯಾಂಕು ಸುಮಾರು ಒಂದು ಎಕರೆಗೆ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಕೈಪಂಪಿಗಾದರೆ ಎಕರೆಗೆ 150–200 ಲೀಟರ್ ನೀರು ಬೇಕು. ಇಲ್ಲೇ ಹಲವರು ಎಡವುತ್ತಾರೆ: ‘ಲೀಟರಿಗೆ ಇಷ್ಟು ಎಂ.ಎಲ್.’ ಎಂಬ ಹಳೇ ಲೆಕ್ಕದಲ್ಲಿ 10 ಲೀಟರಿಗೆ ಬೆರೆಸಿದರೆ ಬೇಕಾದ ಔಷಧದ ಹದಿನೈದರಲ್ಲೊಂದು ಪಾಲಿಗಿಂತ ಹೆಚ್ಚು ಹೊಲಕ್ಕೆ ಬೀಳುವುದಿಲ್ಲ. ಹುಳ ಸಾಯುವುದಿಲ್ಲ, ಬೈಗುಳ ಡ್ರೋನಿಗೆ. ಲೇಬಲ್ಲಿನಲ್ಲಿರುವ ಎಕರೆವಾರು ಪ್ರಮಾಣವನ್ನೇ ಹಿಡಿಯಬೇಕು, ಕಡಿಮೆಯಾಗುವುದು ನೀರು ಮಾತ್ರ. ಆ ಔಷಧಕ್ಕೆ ಡ್ರೋನ್ ಬಳಕೆಯ ಅನುಮತಿ ಇದೆಯೇ ಎಂದೂ ಮೊದಲೇ ನೋಡಬೇಕು. ಪುಡಿ ಔಷಧವನ್ನು ಬಕೆಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿಯೇ ಟ್ಯಾಂಕಿಗೆ ಸುರಿಯಬೇಕು. ನಾಲ್ಕು ನಾಝಲ್‌ಗಳಲ್ಲಿ ಒಂದು ಕಟ್ಟಿಕೊಂಡರೂ ಹೊಲದುದ್ದಕ್ಕೂ ಪಟ್ಟೆ ಉಳಿಯುತ್ತದೆ, ಅದು ಕಾಣುವುದು ವಾರದ ಮೇಲೆ.

ಹನಿಯ ಗಾತ್ರ 150ರಿಂದ 300 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇರಲಿ. ತಿರುಗುವ ಡಿಸ್ಕ್ ನಾಝಲ್ ಇರುವ ಯಂತ್ರದಲ್ಲಿ ಆಪರೇಟರ್ ಡಿಸ್ಕಿನ ವೇಗ ಏರಿಸಿದಷ್ಟೂ ಹನಿ ಸಣ್ಣದಾಗುತ್ತದೆ. ‘ಮಂಜಿನಂಗ ಬೀಳ್ತದ ನೋಡ್ರಿ’ ಎಂದು ಅವನು ಹೆಮ್ಮೆಪಟ್ಟರೆ ಅಲ್ಲೇ ನಿಲ್ಲಿಸಿ. 50 ಮೈಕ್ರಾನಿನ ಹನಿಯಲ್ಲಿ ಇರುವುದು 200 ಮೈಕ್ರಾನಿನ ಹನಿಯ 64ನೇ ಒಂದು ಪಾಲು ದ್ರವ. ನಮ್ಮ ಒಣ ಹವೆಯಲ್ಲಿ ಅದು ಎಲೆ ಮುಟ್ಟುವ ಮೊದಲೇ ಆರುತ್ತದೆ, ಇಲ್ಲವೇ ಪಕ್ಕದ ಹೊಲ ಸೇರುತ್ತದೆ.

ಇದೇ 50 ಮೈಕ್ರಾನ್ ಅಂತರರಾಷ್ಟ್ರೀಯ ಗಡಿಯೂ ಹೌದು. ಇರಾನ್–ಇರಾಕ್ ಯುದ್ಧದಲ್ಲಿ ರಾಸಾಯನಿಕ ಅಸ್ತ್ರ ಬಳಕೆಯಾದ ಬಳಿಕ 1985ರಲ್ಲಿ ಅಂಥ ಅಸ್ತ್ರಕ್ಕೆ ಬಳಸಬಹುದಾದ ಸರಕಿನ ರಫ್ತಿಗೆ ಲಗಾಮು ಹಾಕುವ ದೇಶಗಳ ಕೂಟ ಆಸ್ಟ್ರೇಲಿಯಾ ಗ್ರೂಪ್ ಹುಟ್ಟಿತು, ಭಾರತ 2018ರಲ್ಲಿ ಸೇರಿತು. ನಿಮಿಷಕ್ಕೆ 2 ಲೀಟರಿಗಿಂತ ಹೆಚ್ಚು ದ್ರವವನ್ನು 50 ಮೈಕ್ರಾನಿಗಿಂತ ಸಣ್ಣ ಹನಿ ಮಾಡಿ ಹಾರುವ ಯಂತ್ರದಿಂದ ಸಿಂಪಡಿಸುವ ಸಾಧನದ ರಫ್ತಿಗೆ ಅದರ ಪಟ್ಟಿಯಂತೆ ಪರವಾನಗಿ ಬೇಕು. ಭಾರತ 2016ರಲ್ಲಿ ಸೇರಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಕ್ಕೂಟ 20 ಲೀಟರ್ ಮೀರಿದ ಟ್ಯಾಂಕಿನ ಸ್ವಯಂಚಾಲಿತ ಸಿಂಪಡಣಾ ಡ್ರೋನ್‌ಗಳ ಮೇಲೆ ಕಣ್ಣಿಟ್ಟಿದೆ. ಹನಿಯ ಗಡಿ ನಮ್ಮ ಮಟ್ಟಿಗೆ ಜಾಣ ನಿಯಮ. ಗಾಳಿಯಲ್ಲಿ ತೇಲುವ ಹನಿ ವಿಷ ಹರಡುವವನಿಗೆ ಬೇಕು, ರೈತನಿಗೆ ಬೇಡ. ಟ್ಯಾಂಕಿನ ಗಡಿ ಅಷ್ಟು ಹೊಂದುವುದಿಲ್ಲ, ದೊಡ್ಡ ಹಿಡುವಳಿಗೆ ದೊಡ್ಡ ಟ್ಯಾಂಕೂ ಬೇಕಾಗುತ್ತದೆ.

ಉಪಗ್ರಹದ ಕಥೆ ಬೇರೆ. ಬರಿ ಜಿಪಿಎಸ್ ನಂಬಿದರೆ ಒಂದೆರಡು ಮೀಟರ್ ತಪ್ಪು ಸಹಜ. ಡ್ರೋನ್ ಒಂದು ಸಲಕ್ಕೆ ಹೊಡೆಯುವ ಮೂರ್ನಾಲ್ಕು ಮೀಟರ್ ಅಗಲದ ಪಟ್ಟಿಗೆ ಅದು ದೊಡ್ಡ ತಪ್ಪು. ನೆಲದ ಸ್ಥಿರ ಕೇಂದ್ರದಿಂದ ತಿದ್ದುಪಡಿ ಪಡೆಯುವ ಆರ್‌ಟಿಕೆ ವ್ಯವಸ್ಥೆ ಇದ್ದರೆ ತಪ್ಪು ಎರಡು ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ಅಮೆರಿಕದ ಜಿಪಿಎಸ್, ಯುರೋಪಿನ ಗೆಲಿಲಿಯೊ ಒಂದೇ 1575.42 ಮೆಗಾಹರ್ಟ್ಸ್‌ನಲ್ಲಿ ಕಿತ್ತಾಡದೆ ಇರುವುದಕ್ಕೆ 2004ರ ಒಪ್ಪಂದ ಕಾರಣ. ನಮ್ಮ ನಾವಿಕ್ ಕೂಡ 2023ರ ಮೇ 29ರಂದು ಹಾರಿದ ಎನ್‌ವಿಎಸ್–01 ಉಪಗ್ರಹದಿಂದ ಅದೇ ತರಂಗಕ್ಕೆ ಬಂತು. ರಿಸೀವರ್ ಎಷ್ಟು ದೇಶಗಳ ಉಪಗ್ರಹ ಹಿಡಿಯುತ್ತದೆ ಎಂದು ಕೇಳಿ. ಇನ್ನೊಂದು ಮಾತು: ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನಮ್ಮ ಅಕ್ಷಾಂಶದ ಮೇಲೆ ಸೂರ್ಯಾಸ್ತದ ಬಳಿಕ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುತ್ಕಣಗಳ ಪದರ) ಕದಡಿ ಸಂಕೇತ ನಡುಗುವುದುಂಟು. ಜೇನ್ನೊಣ ಉಳಿಸಲು ಸಂಜೆ ಹೊಡೆಯುವುದು ಸರಿ, ಆದರೆ ಹೊತ್ತು ಮುಳುಗುವ ಮೊದಲೇ ಮುಗಿಸಬೇಕು. ಗಾಳಿ ಗಂಟೆಗೆ 10 ಕಿ.ಮೀ. ದಾಟಿದರೆ ಸಂಜೆಯೂ ಬೇಡ.

ಸೇವೆಯ ದೌರ್ಬಲ್ಯ ಬಿಡಿಭಾಗ. ಭಾರತ 2022ರ ಫೆಬ್ರವರಿಯಲ್ಲಿ ಹೊರಗಿನ ಡ್ರೋನ್ ಆಮದು ನಿಲ್ಲಿಸಿತು, ಭಾಗಗಳ ಆಮದಿಗೆ ಮಾತ್ರ ಅವಕಾಶ ಬಿಟ್ಟಿತು. ಮರುವರ್ಷ ಚೀನಾ ಕೆಲವು ಡ್ರೋನ್ ಮತ್ತು ಭಾಗಗಳ ರಫ್ತಿಗೆ ಪರವಾನಗಿ ಹೇರಿತು. ಇಲ್ಲಿ ವಿಜ್ಞಾನಕ್ಕಿಂತ ದೇಶಗಳ ಪಟ್ಟು ಜಾಸ್ತಿ. ಹಂಗಾಮಿನ ನಡುವೆ ಮೋಟರ್ ಸುಟ್ಟರೆ ಹೊಸದು ಬರುವವರೆಗೆ ಹುಳ ಕಾಯುವುದಿಲ್ಲ. ಬಿಡಿ ಮೋಟರ್, ನಾಲ್ಕೈದು ಜೋಡಿ ಬ್ಯಾಟರಿ ಇಟ್ಟುಕೊಂಡವರನ್ನೇ ಕರೆಯಿರಿ.

ಬೀದರ್ ವಾಯುನೆಲೆ ಸುತ್ತಿನವರು, ಶ್ರೀನಿವಾಸ ಸರಡಗಿ ವಿಮಾನ ನಿಲ್ದಾಣದ ಆಸುಪಾಸಿನವರು ಮುಂಗಡ ಕೊಡುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲಿ, ಕೆಂಪು ವಲಯದಲ್ಲಿ ಎರಡು ಮೀಟರ್ ಎತ್ತರಕ್ಕೂ ಅನುಮತಿ ಬೇಕು. ಪೈಲಟ್ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ. ಜೊತೆಗೆ, ಹಿಂದಿನ ದಿನ ಟ್ಯಾಂಕಿನಲ್ಲಿ ಏನಿತ್ತು ಎಂದು ಕೇಳಿ. ಕಬ್ಬಿಗೆ 2,4–ಡಿ ಕಳೆನಾಶಕ ಹೊಡೆದ ಯಂತ್ರವನ್ನು ಮೂರು ಸಲ ತೊಳೆಯದೆ ತಂದರೆ ತೊಗರಿಯ ಸುಳಿ ಮುರುಟುತ್ತದೆ. ಪೈಪಿನೊಳಗಿನ ನೀರೂ ಹೊರಗೆ ಹೋಗುವ ಹಾಗೆ ಪಂಪು ಓಡಿಸಿ ತೊಳೆಯಲಿ, ಬರೀ ಟ್ಯಾಂಕು ಅಲುಗಿಸಿ ಚೆಲ್ಲಿದರೆ ಲೆಕ್ಕಕ್ಕಿಲ್ಲ.