ಹಾಕಲು ಕೊಂಡ ಲಾಕ್, ಬಿಡಿಸಲು ಬಳಕೆ: ಆರ್‌ಸಿ ಕ್ರಾಲರ್‌ನ ಡಿಫ್ ಲಾಕ್‌ನೊಂದಿಗೆ ಹದಿನಾಲ್ಕು ತಿಂಗಳು

ಕ್ರಾಲರ್ ಎಂದರೆ ಕಲ್ಲುಬಂಡೆ ಹತ್ತುವ ರಿಮೋಟ್ ಆಟಿಕೆ ಗಾಡಿ. ಡಿಫ್ (ಡಿಫರೆನ್ಷಿಯಲ್) ಎಂದರೆ ತಿರುವಿನಲ್ಲಿ ಎಡ–ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಆಕ್ಸಲ್‌ನೊಳಗಿನ ಗೇರು ಜೋಡಣೆ; ಅದಕ್ಕೆ ಲಾಕ್ ಹಾಕಿದರೆ ಎರಡೂ ಚಕ್ರ ಒಂದಾಗಿ ತಿರುಗುತ್ತವೆ. ಮೊದಲು ಸಿಟ್ಟನ್ನು ಬರೆದು ಮುಗಿಸುತ್ತೇನೆ. ಈ ಲಾಕ್ ಸೆಟ್‌ನ ಪೆಟ್ಟಿಗೆಯ ಮೇಲೆ ‘ನೀರು ನಿರೋಧಕ’ ಎಂದು ಅಚ್ಚು ಹಾಕಿದವರು ಸೋಮವಾರಪೇಟೆಯ ಜುಲೈ ತಿಂಗಳನ್ನು ಕಂಡವರಲ್ಲ. ಮುಂದಿನ ಆಕ್ಸಲ್ ಮೇಲೆ ಕೂತು ಲಾಕ್ ಎಳೆಯುವ ಪುಟ್ಟ ಮೋಟರ್, ಅಂದರೆ ಸರ್ವೊ, ಮೂರನೇ ತಿಂಗಳಿಗೇ ಸತ್ತಿತು. ಬಿಚ್ಚಿದರೆ ಒಳಗೆ ಅರ್ಧ ಚಮಚ ಕೆಂಪು ನೀರು, ಅದರಲ್ಲಿ ನೆನೆದು ಹಸಿರುಗಟ್ಟಿದ ಸರ್ಕ್ಯೂಟ್. ಮಾರಿದವರಿಗೆ ಫೋಟೊ ಕಳಿಸಿದೆ. ನೀರಿನಲ್ಲಿ ಓಡಿಸಬೇಡಿ ಎಂದು ಉತ್ತರ ಬಂತು. ನಮ್ಮಲ್ಲಿ ಆ ತಿಂಗಳು ಅಂಗಳದಲ್ಲಿ ಓಡಿಸಿದರೂ ಅದು ನೀರಿನಲ್ಲಿ ಓಡಿಸಿದಂತೆಯೇ.

ಸಿಟ್ಟು ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಲಾಕ್ ಜೋಡಿಗೆ ನಾನು ಕೊಟ್ಟದ್ದು, ಆ ವಾರದ ದರದಲ್ಲಿ, ಸುಮಾರು ಹತ್ತು ಕಿಲೋ ಕಾಳುಮೆಣಸಿನ ಹಣ. ಅದರ ಮೇಲೆ ರಿಮೋಟ್ ಬೇರೆ. ಹಳೆಯ ರಿಮೋಟ್‌ನಲ್ಲಿ ಇದ್ದದ್ದು ಎರಡೇ ಚಾನೆಲ್: ಸ್ಟೇರಿಂಗ್ ಮತ್ತು ಥ್ರಾಟಲ್. ಎರಡು ಲಾಕ್‌ಗಳಿಗೆ ಇನ್ನೆರಡು ಚಾನೆಲ್ ಬೇಕು ಎಂಬುದನ್ನು ಪೆಟ್ಟಿಗೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಹೀಗೆ ಆರು ಚಾನೆಲ್‌ನ ರಿಮೋಟ್ ಕೊಳ್ಳಲು ಇನ್ನೂ ನಾಲ್ಕು ಕಿಲೋ ಮೆಣಸು ಹೋಯಿತು. ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಗಾಡಿಯ ವಿವರ ಬೇಡ. 1:10 ಅಳತೆಯ ಸಾಧಾರಣ ಕಿಟ್, ಎರಡೂ ಕಡೆ ಓಪನ್ ಡಿಫ್, ಅಂದರೆ ಲಾಕ್ ಇಲ್ಲದ್ದು. ಕಾರ್ಖಾನೆಯಿಂದಲೇ ರಿಮೋಟ್ ಲಾಕ್ ಹೊತ್ತು ಬರುವ ಟ್ರಾಕ್ಸಾಸ್ ಟಿಆರ್‌ಎಕ್ಸ್-4 2017ರಿಂದಲೂ ಮಾರುಕಟ್ಟೆಯಲ್ಲಿದೆ. ಅದರ ಬೆಲೆ ನೋಡಿದಾಗಲೆಲ್ಲ ತೋಟಕ್ಕೆ ಹಾಕಬೇಕಾದ ಗೊಬ್ಬರ ನೆನಪಾಗಿ ಸುಮ್ಮನಾಗಿದ್ದೇನೆ.

ಓಪನ್ ಡಿಫ್ ಎರಡೂ ಚಕ್ರಗಳಿಗೆ ಸಮನಾದ ತಿರುಚು ಬಲವನ್ನೇ ಕೊಡುತ್ತದೆ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಒಂದು ಚಕ್ರ ಕಲ್ಲಿನಿಂದ ಎದ್ದು ಗಾಳಿಯಲ್ಲಿ ತಿರುಗತೊಡಗಿದರೆ, ಅದನ್ನು ತಿರುಗಿಸಲು ಬೇಕಾದಷ್ಟು ಅತ್ಯಲ್ಪ ಬಲವೇ ಕಲ್ಲನ್ನು ಕಚ್ಚಿ ಕುಳಿತ ಇನ್ನೊಂದಕ್ಕೂ ಸಿಗುತ್ತದೆ. ಗಾಡಿ ಅಲ್ಲೇ ನಿಂತು ಗುಂಯ್‌ಗುಟ್ಟುತ್ತದೆ. ಹೀಗಾಗಿ ಮೊದಲ ವರ್ಷ ನಾನೂ ಎಲ್ಲರಂತೆ ಅಗ್ಗದ ದಾರಿ ಹಿಡಿದೆ. ಡಿಫ್ ಬಿಚ್ಚಿ, ಒಳಗಿನ ಪುಟ್ಟ ಸ್ಪೈಡರ್ ಗೇರುಗಳನ್ನು ಪೆಟ್ರೋಲ್‌ನಲ್ಲಿ ತೊಳೆದು, ಸಂದುಗಳಿಗೆಲ್ಲ ಎಂ-ಸೀಲ್ ಮೆತ್ತಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಖರ್ಚು ನೂರು ರೂಪಾಯಿಯೂ ಆಗಲಿಲ್ಲ. ಅದು ಒಮ್ಮೆಯೂ ಬಿರುಕು ಬಿಡಲಿಲ್ಲ, ಗಾಡಿ ಗೋಡೆಯನ್ನೂ ಹತ್ತುವಂತಾಯಿತು.

ತಿರುಗುವುದನ್ನು ಮಾತ್ರ ಮರೆಯಿತು. ನನ್ನ ಗಾಡಿಯ ಎಡ–ಬಲ ಚಕ್ರಗಳ ನಡುವೆ 20 ಸೆಂ.ಮೀ. ಅಂತರವಿದೆ. ಒಂದು ಪೂರ್ತಿ ಸುತ್ತು ಹಾಕುವಾಗ ಹೊರಗಿನ ಹಿಂಚಕ್ರ ಒಳಗಿನದಕ್ಕಿಂತ ಸುಮಾರು 125 ಸೆಂ.ಮೀ. ಹೆಚ್ಚು ಓಡಬೇಕು. ಸುತ್ತು ಎಷ್ಟೇ ದೊಡ್ಡದಾದರೂ ಈ ವ್ಯತ್ಯಾಸ ಅಷ್ಟೇ. ಡಿಫ್ ಮೆತ್ತಿ ಹೋದ ಮೇಲೆ ಆ 125 ಸೆಂ.ಮೀ. ಅನ್ನು ಟಯರ್ ಉಜ್ಜಿಕೊಂಡೇ ತೀರಿಸಬೇಕು. ಮಣ್ಣಿನಲ್ಲಿ ಅದು ಗೊತ್ತಾಗುವುದಿಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಗಾಡಿ ಕುಂಟುತ್ತಾ, ಹಾರುತ್ತಾ ತಿರುಗುತ್ತಿತ್ತು. ಕಣದ ಮೇಲೆ ಬಿದ್ದ ಕಪ್ಪು ಗೀರುಗಳನ್ನು ಅಪ್ಪ ಇವತ್ತಿಗೂ ಬಂದವರಿಗೆ ತೋರಿಸುತ್ತಾರೆ.

ಆದ್ದರಿಂದ ಕಳೆದ ವರ್ಷ ಹೂಮಳೆ ಮುಗಿದ ಮೇಲೆ, ಏಪ್ರಿಲ್ ಕೊನೆಯಲ್ಲಿ, ಈ ಸೆಟ್ ತರಿಸಿದೆ. ಒಳಗಿನ ಕೆಲಸ ಸರಳ. ಹಲ್ಲುಗಳಿರುವ ಒಂದು ಕಾಲರ್ ಇದೆ. ಸರ್ವೊ ಕೇಬಲ್ ಎಳೆದಾಗ ಅದು ಜಾರಿ ಆಕ್ಸಲ್ ಶಾಫ್ಟನ್ನು ಡಿಫ್‌ನ ಹೊರಕವಚಕ್ಕೆ ಕಚ್ಚಿಸುತ್ತದೆ. ಆಗ ಒಳಗಿನ ಗೇರುಗಳು ತಮ್ಮಷ್ಟಕ್ಕೆ ತಿರುಗಲಾರವು, ಎರಡೂ ಚಕ್ರ ಒಂದಾಗುತ್ತವೆ. ಬಿಟ್ಟರೆ ಮತ್ತೆ ಓಪನ್.

ಕೂರಿಸಲು ಎರಡು ರಾತ್ರಿ ಬೇಕಾಯಿತು. ಅವುಗಳಲ್ಲಿ ಒಂದೂವರೆ ರಾತ್ರಿ ಹೋದದ್ದು ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಗೇರುಗಳ ನಡುವಿನ ಸಂದಿಗೆ. ಬಿಗಿಯಾದರೆ ಗೇರು ಬಿಸಿಯಾಗಿ ಸವೆಯುತ್ತದೆ, ಸಡಿಲವಾದರೆ ಮೊದಲ ಕಲ್ಲಿಗೇ ಹಲ್ಲು ಹಾರುತ್ತದೆ. 0.1 ಮಿ.ಮೀ. ದಪ್ಪದ ಶಿಮ್ (ತೆಳು ಬಿಲ್ಲೆ) ಒಂದು ಹಾಕು, ತೆಗೆ, ಮತ್ತೆ ಹಾಕು. ನಾನು ಬಸ್ ಟಿಕೆಟ್‌ನ ಕಾಗದವನ್ನು ಹಲ್ಲುಗಳ ನಡುವೆ ಹಾಯಿಸಿ ನೋಡುತ್ತೇನೆ. ಕಾಗದ ಹರಿಯದೆ, ನೆರಿಗೆ ಮಾತ್ರ ಬಿದ್ದು ಹೊರಬಂದರೆ ಸರಿ. ಸೋಮವಾರಪೇಟೆಯಿಂದ ಮಡಿಕೇರಿಗೆ ಹೋಗಿ ಬಂದ ನಾಲ್ಕು ಟಿಕೆಟ್ ಇದಕ್ಕೇ ಖರ್ಚಾದವು. ಸೆಟ್‌ನ ಜೊತೆ ಬಂದ ಸ್ಕ್ರೂಗಳು ಮೆತ್ತಗಿದ್ದು, 1.5 ಮಿ.ಮೀ. ಅಲೆನ್ ಕೀ ಎರಡನೇ ಬಾರಿಗೇ ತಲೆ ಕೊರೆದುಬಿಟ್ಟಿತು. ಅವನ್ನು ಎಸೆದು ಬೇರೆ ಸ್ಕ್ರೂ ಹಾಕಿ, ಸಡಿಲವಾಗದಂತೆ ನೀಲಿ ಥ್ರೆಡ್‌ಲಾಕ್ ಅಂಟು ಮುಟ್ಟಿಸಿ.

ತೋಟದ ಕೆಳಗಿನ ತೋಡಿನಲ್ಲಿ ಮೊದಲ ದಿನ ಓಡಿಸಿದಾಗ ನಿರಾಸೆಯಾಯಿತು. ಬಂಡೆಯ ನಡುವೆ ಸಿಕ್ಕಿ ಸ್ವಿಚ್ ಒತ್ತಿದರೆ ಏನೂ ಆಗಲಿಲ್ಲ. ಕಾಲರ್‌ನ ಹಲ್ಲಿಗೆ ಎದುರು ಹಲ್ಲು ಬಂದು ನಿಂತರೆ ಲಾಕ್ ಬೀಳುವುದಿಲ್ಲ. ಚಕ್ರ ಒಂದಿಷ್ಟು ಹೊರಳಬೇಕು, ಆಗ ‘ಟಿಕ್’ ಎನ್ನುತ್ತದೆ. ಸಿಕ್ಕಿಬಿದ್ದ ಮೇಲೆ ಲಾಕ್ ಹುಡುಕಿದರೆ ತಡವಾಯಿತೆಂದೇ ಅರ್ಥ. ಮುಂದಿನ ಲಾಕ್ ಬಿದ್ದಾಗಲಂತೂ ಸ್ಟೇರಿಂಗ್ ಹೆಸರಿಗಷ್ಟೇ. ಚಕ್ರ ಎಡಕ್ಕೆ ಹೊರಳಿದ್ದರೂ ಗಾಡಿ ನೇರಕ್ಕೇ ತಳ್ಳಿಕೊಂಡು ಹೋಗುತ್ತದೆ. ಇಷ್ಟಕ್ಕೆ ಎಂ-ಸೀಲ್ ಸಾಲದಿತ್ತೆ ಎಂದು ಒಂದು ತಿಂಗಳು ನನ್ನನ್ನೇ ಬೈದುಕೊಂಡೆ.

ಮನಸ್ಸು ಬದಲಾದದ್ದು ಜೂನ್‌ನಲ್ಲಿ, ಕೈತಪ್ಪಿನಿಂದ. ತೋಡಿನ ಪಕ್ಕದಲ್ಲಿ ಹಾವಸೆ ಹಿಡಿದ ಒಂದು ಓರೆ ಬಂಡೆ ಇದೆ. ಅದನ್ನು ಹತ್ತುವುದಲ್ಲ, ಅಡ್ಡಲಾಗಿ ದಾಟಬೇಕು. ಒಂದೂವರೆ ವರ್ಷದಲ್ಲಿ ಒಮ್ಮೆಯೂ ದಾಟಿರಲಿಲ್ಲ. ನಡುವೆ ಬರುತ್ತಿದ್ದಂತೆ ಹಿಂಭಾಗ ಮೆಲ್ಲಗೆ ಕೆಳಕ್ಕೆ ಜಾರಿ, ಗಾಡಿ ಮಗುಚಿ ನೀರಿಗೆ ಬೀಳುತ್ತಿತ್ತು. ಆ ದಿನವೂ ಹಿಂಭಾಗ ಜಾರತೊಡಗಿತು. ಮುಂದಿನದನ್ನೂ ಲಾಕ್ ಮಾಡೋಣವೆಂದು ಸ್ವಿಚ್ ತಳ್ಳಿದವನು ಅವಸರದಲ್ಲಿ ತಪ್ಪು ದಿಕ್ಕಿಗೆ ತಳ್ಳಿದೆ. ಎರಡೂ ಓಪನ್ ಆದವು. ಜಾರುವುದು ನಿಂತಿತು. ಗಾಡಿ ಬಂಡೆಗೆ ಅಂಟಿದಂತೆ ಆಚೆ ದಾಟಿತು.

ಕೊಡೆ ಹಿಡಿದು ಅಲ್ಲೇ ನಿಂತು ಯೋಚಿಸಿದೆ, ಕಾಲಿಗೆ ಜಿಗಣೆ ಹತ್ತಿದ್ದೂ ಗೊತ್ತಾಗಲಿಲ್ಲ. ಲಾಕ್ ಆದ ಆಕ್ಸಲ್‌ನಲ್ಲಿ ಹಿಡಿತ ತಪ್ಪಿದರೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಹಿಡಿತ ತಪ್ಪಿ ತಿರುಗುವ ಟಯರ್‌ಗೆ ಪಕ್ಕದ ಹಿಡಿತವೂ ಹೆಚ್ಚು ಉಳಿಯುವುದಿಲ್ಲ, ಓರೆಯಲ್ಲಿ ಅದು ಕೆಳಕ್ಕೇ ಜಾರುತ್ತದೆ. ಓಪನ್ ಇದ್ದರೆ ಒಂದು ಚಕ್ರ ಸೋತು ತಿರುಗಿದರೂ ಇನ್ನೊಂದು ಸುಮ್ಮನೆ ಊರಿಕೊಂಡು ಗಾಡಿಯನ್ನು ಹಿಡಿದಿರುತ್ತದೆ. ಅಷ್ಟು ದಿನ ಕಲ್ಲನ್ನು ಬೈದಿದ್ದೆ, ಟಯರನ್ನು ಬೈದಿದ್ದೆ. ಕೆಳಕ್ಕೆ ಎಳೆಯುತ್ತಿದ್ದದ್ದು ನನ್ನದೇ ಎಂ-ಸೀಲ್.

ಅಂದಿನಿಂದ ಓಡಿಸುವ ರೀತಿಯೇ ಬದಲಾಗಿದೆ. ಓಪನ್‌ನಲ್ಲಿ ಹೊರಡುತ್ತೇನೆ. ಏರು ಎದುರಾಗುವ ಎರಡು ಗೇಣು ಮೊದಲೇ ಹಿಂದಿನದನ್ನು ಲಾಕ್ ಮಾಡಿ ‘ಟಿಕ್’ ಕೇಳುವವರೆಗೆ ಕಾಯುತ್ತೇನೆ. ಮುಂದಿನದು ಕೊನೆಯ ಅಡಿಗೆ ಮಾತ್ರ. ಓರೆ ಬಂದರೆ ಎರಡನ್ನೂ ಬಿಡಿಸುತ್ತೇನೆ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ತೋಡಿನ ದಾರಿಗೆ ಈಗ ಒಂದು ಗಂಟೆ ಬೇಕು, ಬ್ಯಾಟರಿ ಮುಗಿದರೂ ಮನೆಗೆ ಬರಲು ಮನಸ್ಸಾಗುವುದಿಲ್ಲ.

ಬಂದ ಮೇಲಿನ ಕೆಲಸವೂ ನನಗೆ ಇಷ್ಟ. ಔಷಧಿ ಹೊಡೆಯದ ಹಳೆಯ ಸ್ಪ್ರೇಯರ್‌ನಿಂದ ಕೆಸರು ತೊಳೆದು, ಹಲ್ಲುಜ್ಜುವ ಬ್ರಷ್‌ನಿಂದ ಕೇಬಲ್‌ನ ಬಾಯಿ ಉಜ್ಜಿ, ಗಾಡಿಯನ್ನು ಒಲೆಯಿಂದ ಎರಡು ಮಾರು ದೂರದಲ್ಲಿ ತಲೆಕೆಳಗಾಗಿ ಇಡುತ್ತೇನೆ. ಬ್ಯಾಟರಿಯನ್ನು ಮೊದಲೇ ತೆಗೆದಿಡಬೇಕು, ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೂ ಒಲೆಗೂ ಆಗುವುದಿಲ್ಲ. ಒಣಗಿದ ಮೇಲೆ ಬೇರಿಂಗ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಕೊನೆಗೆ ಬರಿಗೈಯಲ್ಲಿ ಚಕ್ರ ತಿರುಗಿಸಿ, ಲಾಕ್ ಹಾಕಿ ಬಿಡಿಸಿ, ಆ ಸದ್ದು ಕೇಳಿದ ಮೇಲೆಯೇ ಕಾಫಿ.

ಬರೀ ಏರು ಹತ್ತುವ ಹುಚ್ಚಿದ್ದರೆ ಇದನ್ನು ಕೊಳ್ಳಬೇಡಿ, ಎಂ-ಸೀಲ್ ಮೆತ್ತಿ ಉಳಿದ ಹಣಕ್ಕೆ ಒಳ್ಳೆಯ ಟಯರ್ ತನ್ನಿ. ಹಣ ಕಡಿಮೆಯಿದ್ದರೆ ಹಿಂದಿನದಕ್ಕೆ ಮಾತ್ರ ಹಾಕಿಸಿ. ಓರೆ ಬಂಡೆ ಇರುವ ತೋಡೊಂದು ಹತ್ತಿರದಲ್ಲಿದ್ದರೆ ಎರಡನ್ನೂ ಹಾಕಿಸಿ, ಸರ್ವೊ ಮಾತ್ರ ಬೇರೆಡೆಯಿಂದ ತನ್ನಿ.

ಹೊಸ ಸರ್ವೊಗೆ ಈ ಮಳೆಗಾಲ ಬಲೂನು ತೊಡಿಸಿದ್ದೇನೆ. ಬಾಯಿಯನ್ನು ತಂತಿಯ ಸುತ್ತ ಕಟ್ಟಿ, ಗೇರಿನ ಕಡೆ ಗ್ರೀಸ್ ತುಂಬಿದರೆ ನೀರು ಸುಲಭವಾಗಿ ನುಗ್ಗದು. ಮಗಳ ಹುಟ್ಟುಹಬ್ಬದಲ್ಲಿ ಉಳಿದ ಕೆಂಪು ಬಲೂನು. ಇನ್ನು ಹನ್ನೊಂದು ಇವೆ, ಪ್ರತಿ ಭಾನುವಾರ ಅವಳು ಎಣಿಸಿ ಇಡುತ್ತಾಳೆ.